ತಿಪ್ಪಕ್ಕನ ಅಂಗಡಿ ಹತ್ತಿರ

ಸೈಟು ಕೊಳ್ಳುವಾಗ ಮನುಷ್ಯ ಎಷ್ಟೊಂದು ಪ್ರಶ್ನೆ ಕೇಳುತ್ತಾನೆ! ಬೋರ್ ಹಾಕಿಸಿದರೆ ನೀರು ಬೀಳುತ್ತದೆಯೇ, ರಸ್ತೆ ಎಷ್ಟು ಅಗಲ, ಬಾಗಿಲು ಯಾವ ದಿಕ್ಕಿಗೆ ಬರುತ್ತದೆ, ಜೋರು ಮಳೆ ಬಂದರೆ ಜೋಗಿಮಟ್ಟಿ ಗುಡ್ಡದ ಕಡೆಯ ನೀರೆಲ್ಲ ನಮ್ಮ ಮನೆಯ ಹಾಲಿಗೇ ಬಂದು ಕೂರುತ್ತದೆಯೇ, ಪಕ್ಕದ ಸೈಟಿನವರು ಜಗಳಗಂಟರೇ. ನಾನೂ ಇವೆಲ್ಲವನ್ನೂ ಕೇಳಿದೆ. ಕೆಲವನ್ನು ಎರಡೆರಡು ಸಲ ಕೇಳಿ ಬ್ರೋಕರನಿಂದ ಬೈಸಿಕೊಂಡೆ. ಕೇಳದೆ ಬಿಟ್ಟದ್ದು ಒಂದೇ ಪ್ರಶ್ನೆ: ಇಲ್ಲಿ ಮೊದಲು ಏನಿತ್ತು? ಬೇರೆಯವರು ಇದನ್ನು ಕೇಳದಿದ್ದರೆ ಕ್ಷಮಿಸಬಹುದು. ನಾನು ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುವವನು. ದಿನಾ ಬೆಳಿಗ್ಗೆ ಚಿತ್ರದುರ್ಗದಿಂದ ಬಸ್ಸು ಹತ್ತಿ ಹೋಗಿ, ನಮ್ಮ ಕೋಟೆಯ ಯಾವ ಸುತ್ತಿನಲ್ಲಿ ಎಣ್ಣೆಕೊಳ, ಎಲ್ಲಿ ಗರಡಿಮನೆ, ಯಾವ ಬಾಗಿಲು ಯಾಕೆ ಡೊಂಕು ಎಂದೆಲ್ಲ ಮಕ್ಕಳಿಗೆ ಗಂಟಲು ಹರಿಯುವಂತೆ ಹೇಳಿ, ಸಂಜೆ ಬಂದು ನನ್ನದೇ ಸೈಟಿನ ಮೇಲೆ ಏನೂ ಅರಿಯದವನಂತೆ ನಿಲ್ಲುತ್ತಿದ್ದೆ. ಆ ಒಂದು ಪ್ರಶ್ನೆ ಕೇಳದೆ ಹೋದದ್ದರಿಂದ ನನ್ನ ಹೆತ್ತ ತಾಯಿ ನನ್ನ ಹೊಸ ಮನೆಯೊಳಗೆ ಒಂದು ತುತ್ತು ಅನ್ನ ಮುಟ್ಟದೆ, ಗೇಟಿನ ಹೊರಗೆ ಮೂರು ಕಲ್ಲು ಹೂಡಿ ಮುದ್ದೆ ಬೇಯಿಸಿಕೊಳ್ಳುವ ಪ್ರಸಂಗ ಬಂತು.

ಅವ್ವನ ವಿಷಯ ಮೊದಲು ಹೇಳಬೇಕು. ನಮ್ಮದು ಹಿರಿಯೂರಿನ ಆಚೆ, ಆಂಧ್ರದ ಗಡಿಯ ಕಡೆಗಿರುವ ಒಂದು ಹಟ್ಟಿ. ಕುರಿ ಸಾಕಿ, ಒಂದಿಷ್ಟು ಹೊಲ ಮಾಡಿ ಬದುಕಿದ ಮನೆತನ. ನಮ್ಮವರಲ್ಲಿ ಈಚಲಿಗೆ ಕಟ್ಟು ಇದೆ. ಕಟ್ಟು ಅಂದರೆ ಹಿರಿಯರು ದೇವರ ಮುಂದೆ ಹಾಕಿಟ್ಟ ಗೆರೆ, ದಾಟುವಂತಿಲ್ಲ. ಈಚಲ ಹೆಂಡ ಕುಡಿಯಬಾರದು ಎಂದಷ್ಟೇ ಆಗಿದ್ದರೆ ದೊಡ್ಡ ಮಾತಲ್ಲ. ಈಚಲ ಮರದ ನೆರಳಲ್ಲಿ ಕೂರಬಾರದು, ಈಚಲ ಚಾಪೆಯ ಮೇಲೆ ಮಲಗಬಾರದು, ಈಚಲ ಪೊರಕೆಯಲ್ಲಿ ಕಸ ಗುಡಿಸಬಾರದು, ಗುಡಿಸಿದ ಮನೆಯಲ್ಲಿ ಉಣ್ಣಬಾರದು. ನನಗೆ ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಗಿರಿಜ ತನ್ನ ತವರು ಹೊಸದುರ್ಗದಿಂದ ಪಾತ್ರೆ ಪಡಗದ ಜೊತೆಗೆ ಒಂದು ಅಂದವಾದ ಈಚಲ ಪೊರಕೆಯನ್ನೂ ತಂದಿದ್ದಳು. ಅದನ್ನು ಕಂಡ ಅವ್ವ ಮನೆಗೆ ಹಾವು ಬಂದಂತೆ ಕೂಗಿದ ಕೂಗಿಗೆ ಇಡೀ ಹಟ್ಟಿ ಕೋಲು ಹಿಡಿದು ಬಂದಿತ್ತು. ಗಿರಿಜ ಇವತ್ತಿಗೂ ಅಂಗಡಿಯಲ್ಲಿ ಪೊರಕೆ ಕೊಳ್ಳುವಾಗ ಅದರ ಜಾತಕ ಕೇಳುತ್ತಾಳೆ.

ಹೀಗಾಗಿ ನಾನು ದುರ್ಗದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದಷ್ಟು ಕಾಲವೂ ಅವ್ವ ಒಂದು ರಾತ್ರಿ ಉಳಿದವಳಲ್ಲ. ಬರುತ್ತಿದ್ದಳು, ಬಾಗಿಲ ಹಿಂದೆ ಇಣುಕುತ್ತಿದ್ದಳು, ನಮ್ಮ ಪೊರಕೆ ನಿರ್ದೋಷಿ ಎಂದು ಕಂಡರೂ ಸಮಾಧಾನವಾಗದೆ ಸಂಜೆಯ ಹಿರಿಯೂರು ಬಸ್ಸಿಗೆ ಎದ್ದುಬಿಡುತ್ತಿದ್ದಳು. “ನಿಂದು ಅಂತ ಒಂದು ಮನೆ ಕಟ್ಸಪ್ಪ, ಬಂದಿರ್ತೀನಿ. ಬಾಡಿಗೆ ಮನೇಲಿ ನಮಗಿಂತ ಮುಂಚೆ ಇದ್ದೋರು ಯಾವುದ್ರಾಗೆ ಗುಡಿಸಿದ್ರೋ ಯಾರಿಗ್ಗೊತ್ತು?” ಎನ್ನುತ್ತಿದ್ದಳು. ಹಟ್ಟಿಯಲ್ಲಿ ತಮ್ಮನ ತುಂಬಿದ ಸಂಸಾರವಿದೆ, ಅವ್ವನಿಗೆ ಅಲ್ಲಿ ಯಾವ ಕೊರತೆಯೂ ಇಲ್ಲ. ಕೊರತೆ ನನಗೆ. ತಲೆ ನರೆತ ಮೇಷ್ಟ್ರು ಹೀಗೆ ಹೇಳಿದರೆ ನೀವು ನಗಬಹುದು, ಆದರೂ ಹೇಳುತ್ತೇನೆ: ನನಗೆ ನನ್ನ ಅವ್ವ ನನ್ನ ಮನೆಯಲ್ಲಿ ಇರಬೇಕಿತ್ತು. ಮನೆ ಕಟ್ಟಿಸಿದ್ದು ಅಷ್ಟಕ್ಕೇ. ವಾಸ್ತು, ಟೈಲ್ಸು, ಮುಂದಿನ ಕಮಾನು ಇವೆಲ್ಲ ಆಮೇಲೆ ಸೇರಿಕೊಂಡ ಶೃಂಗಾರ.

ಇನ್ನೊಂದು ಮಾತು, ಮುಂದೆ ಬೇಕಾಗುವುದರಿಂದ ಇಲ್ಲೇ ಹೇಳಿಬಿಡುತ್ತೇನೆ. ನನ್ನ ಅಪ್ಪ ಬದುಕಿದ್ದಾಗ ಕುರಿ ಹೊಡೆದುಕೊಂಡು ದುರ್ಗದ ಸಂತೆಗೆ ಬರುತ್ತಿದ್ದ. ಊರಿಗೆ ಮರಳಿದವನು ಸಂತೆಯ ಸುದ್ದಿಗಿಂತ ಹೆಚ್ಚಾಗಿ ದುರ್ಗದ ಮಜ್ಜಿಗೆಯ ಸುದ್ದಿ ಹೇಳುತ್ತಿದ್ದ. ಅವ್ವ ಮಜ್ಜಿಗೆ ಕೊಟ್ಟಾಗಲೆಲ್ಲ ಗಟಗಟನೆ ಕುಡಿದು, ಮೀಸೆ ಒರೆಸಿಕೊಂಡು, “ಚೆನ್ನಾಗೈತೆ. ಆದ್ರೆ ದುರ್ಗದ್ದು ಬ್ಯಾರೆ” ಅನ್ನುತ್ತಿದ್ದ. ಅದರಲ್ಲಿ ಏನು ಬೇರೆ ಎಂದರೆ ಹೇಳಲು ಬಾರದು. “ಹೋಟ್ಲೋರು ಏನೋ ಒಂದು ಹಾಕ್ತಾರೆ ಕಣೆ” ಎಂದಷ್ಟೇ. ಅವ್ವ ಶುಂಠಿ ಹಾಕಿದಳು, ಜೀರಿಗೆ ಹಾಕಿದಳು, ಇಂಗು ಹಾಕಿದಳು, ಒಮ್ಮೆ ಸಿಟ್ಟಿನಲ್ಲಿ ಎಲ್ಲವನ್ನೂ ಹಾಕಿದಳು. ಅಪ್ಪ ಪ್ರತಿ ಸಲವೂ ನ್ಯಾಯಾಧೀಶನಂತೆ ಕಣ್ಣು ಮುಚ್ಚಿ ಕುಡಿದು, ಅದೇ ತೀರ್ಪು ಕೊಟ್ಟ. ದುರ್ಗದ ಯಾವುದೋ ಹೋಟೆಲಿನವನು ತನ್ನ ಸಂಸಾರದ ನಡುವೆ ಬಂದು ಕೂತಿದ್ದಾನೆ ಎಂಬುದು ಅವ್ವನ ನಂಬಿಕೆಯಾಗಿತ್ತು. ಅಪ್ಪ ಹೋಗಿ ಇಷ್ಟು ವರ್ಷವಾದರೂ ಅವ್ವ ದುರ್ಗದ ಹೋಟೆಲುಗಳ ಬೋರ್ಡುಗಳನ್ನು ಸ್ವಲ್ಪ ಅನುಮಾನದಿಂದಲೇ ನೋಡುತ್ತಾಳೆ.

ಸೈಟು ಮದಕರಿಪುರದ ದಾರಿಯಲ್ಲಿ ಸಿಕ್ಕಿತು. ಬಡಾವಣೆಗೆ ದೇವರ ಹೆಸರಿಟ್ಟು ಸಿಮೆಂಟಿನ ಕಮಾನು ಕಟ್ಟಿದ್ದಾರೆ. ಆದರೆ ಆ ಹೆಸರು ಹೇಳಿದರೆ ಯಾವ ಆಟೋದವನೂ ಬರುವುದಿಲ್ಲ. “ತಿಪ್ಪಕ್ಕನ ಅಂಗಡಿ ಹತ್ರಾನಾ ಸಾರ್? ಹಂಗಂತ ಹೇಳ್ರಿ ಮತ್ತೆ!” ಎಂದು ಸಲಿಗೆಯಿಂದ ಹತ್ತಿಸಿಕೊಳ್ಳುತ್ತಾರೆ. ಹಾಲಿನವನು, ಗ್ಯಾಸಿನವನು, ಕೊರಿಯರ್‌ನವನು, ಎಲ್ಲರಿಗೂ ಅದು ತಿಪ್ಪಕ್ಕನ ಅಂಗಡಿಯೇ. ಅಲ್ಲಿ ಯಾವ ಅಂಗಡಿಯೂ ಇರಲಿಲ್ಲ. ಬೇಳೆ ಬೆಲ್ಲ ಮಾರುವ ಯಾವಳೋ ಪುಣ್ಯಾತ್ಗಿತ್ತಿ ಹಿಂದೆ ಇದ್ದಿರಬೇಕು, ಜನರ ಬಾಯಲ್ಲಿ ಹೆಸರು ಉಳಿದಿದೆ, ಎಂಥ ಭಾಗ್ಯ ಎಂದುಕೊಂಡೆ. ನೆಂಟರಿಗೆ ಅನುಕೂಲವಾಗಲಿ ಎಂದು ಗೃಹಪ್ರವೇಶದ ಕಾರ್ಡಿನಲ್ಲಿ ದೇವರ ಚಿತ್ರದ ಕೆಳಗೆ, ಸುಖಾಗಮನ ಬಯಸುವವರ ಹೆಸರುಗಳ ಮೇಲೆ, ದಪ್ಪ ಅಕ್ಷರದಲ್ಲಿ ‘ತಿಪ್ಪಕ್ಕನ ಅಂಗಡಿ ಹತ್ತಿರ’ ಎಂದು ಅಚ್ಚು ಹಾಕಿಸಿದೆ. ಈಚಲು ಮುಟ್ಟದ ನಮ್ಮ ಹಟ್ಟಿಯ ಪ್ರತಿ ಮನೆಗೂ ಆ ಕಾರ್ಡನ್ನು ಅರಿಶಿನ ಹಚ್ಚಿ ಹಂಚಿದವನು ನಾನೇ.

ಇದಕ್ಕೂ ಮೊದಲು ನೀರಿನ ಸಂಪು ಕಟ್ಟಲು ಗುಂಡಿ ತೋಡುವಾಗ ಒಂದು ಸಂಗತಿ ನಡೆದಿತ್ತು. ಹಳೆಯ ಬೇವಿನ ಬೊಡ್ಡೆಯೊಂದು ಅಡ್ಡ ಬಂದು, ಅದನ್ನು ಕಿತ್ತು ಇನ್ನಷ್ಟು ಅಗೆದಾಗ ಒಂದು ದೊಡ್ಡ ಮಣ್ಣಿನ ಮಡಕೆ ಕಂಡಿತು. ನೆಟ್ಟಗೆ, ಬಾಯಿ ಮೇಲಾಗಿ, ಸುತ್ತ ನಯವಾದ ಮರಳು ತುಂಬಿಸಿ ಯಾರೋ ಬೇಕೆಂದೇ ಹೂತ ಹಾಗಿತ್ತು. ಚಿತ್ರದುರ್ಗದಲ್ಲಿ ಹುಟ್ಟಿ ಬೆಳೆದವರಿಗೆ ನೆಲದಿಂದ ಮಡಕೆ ಎದ್ದರೆ ಏನಾಗುತ್ತದೆಂದು ನಾನು ಹೇಳಬೇಕಾಗಿಲ್ಲ. ಇಲ್ಲಿ ಗಿಡ ನೆಡಲು ಹಾರೆ ಹಾಕಿದವನೂ ಒಂದು ಕ್ಷಣ ಕಿವಿಗೊಟ್ಟು ಠಣ್ ಎನ್ನುತ್ತದೆಯೇ ಎಂದು ಕೇಳುತ್ತಾನೆ. ನಿಧಿಯ ಆಸೆಯಿಂದ ಕೈ ಹಾಕಿ ನೋಡಿದೆ. ಒಳಗೆ ಮಣ್ಣು, ಮಣ್ಣಿನೊಳಗೆ ಒಂದು ತೆಂಗಿನ ಚಿಪ್ಪು. ಗಿರಿಜ ಇಣುಕಿ ನೋಡಿ, “ಪಾಳೆಯಗಾರರು ತುಂಬ ಬಡವರಾಗಿದ್ದರು ಅನ್ನಿಸುತ್ತೆ” ಎಂದಳು. ನಾನು ಸೋಲಲಿಲ್ಲ. ಮಡಕೆಯ ಕತ್ತಿನ ಸುತ್ತ ಹೆಬ್ಬೆಟ್ಟು ಒತ್ತಿದಂಥ ಗುರುತುಗಳ ಸಾಲು ಇತ್ತು. ಅದು ರಾಜಮನೆತನದ ಕುಸುರಿ ಎಂದೂ, ಮಡಕೆ ನಿಸ್ಸಂದೇಹವಾಗಿ ಪಾಳೆಯಗಾರರ ಕಾಲದ್ದೆಂದೂ, ಬಹುಶಃ ಅರಮನೆಯ ಪೂಜೆಗೆ ಬಳಸಿದ್ದೆಂದೂ ಸ್ಥಳದಲ್ಲೇ ತೀರ್ಮಾನಿಸಿದೆ. ತೊಳೆದು, ವಿಭೂತಿ ಬಳಿದು, ದೇವರ ಕೋಣೆಯಲ್ಲಿ ಇಟ್ಟೆ. ಗೃಹಪ್ರವೇಶದ ದಿನ ಅವ್ವ ತನ್ನ ಕೈಯಾರೆ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಹೂ ಏರಿಸಿ, ಆರತಿ ಬೆಳಗಿದಳು. “ಯಾವ ತಾಯಿ ಕೈ ಆಡಿದ್ದೋ ಏನೋ” ಎಂದು ಕಣ್ಣಿಗೊತ್ತಿಕೊಂಡಳು.

ಊಟದ ಹೊತ್ತಿಗೆ ಹನುಮಂತಣ್ಣ ಬಂದ. ಹಿಂದಿನ ರಸ್ತೆಯಲ್ಲಿರುವ ಮುದುಕ, ವಯಸ್ಸಿನಲ್ಲಿ ಅದಿರಿನ ಲಾರಿ ಓಡಿಸಿದವನು, ಈಗಲೂ ಮಾತಾಡಿದರೆ ಘಾಟಿ ಹತ್ತುವ ಲಾರಿಯಷ್ಟು ಸದ್ದು. ಅಂಥವನು ಆವತ್ತು ಗೇಟಿನ ಬಳಿಯೇ ಚಪ್ಪಲಿ ಬಿಟ್ಟ. ಬಗ್ಗಿ ಹೊಸಿಲು ಮುಟ್ಟಿ ಹಣೆಗೊತ್ತಿಕೊಂಡ. ಹಾಲಿನ ನಡುವೆ ನಿಂತು ಸುತ್ತ ನೋಡಿ ಮಾತಿಲ್ಲದೆ ಉಸಿರುಬಿಟ್ಟ. ಮೇಷ್ಟ್ರ ಮನೆಯೆಂಬ ಗೌರವ ಎಂದು ನಾನು ಒಳಗೊಳಗೇ ಹಿಗ್ಗಿದೆ. ಆಮೇಲೆ ದೇವರ ಕೋಣೆಯತ್ತ ತಿರುಗಿದವನು ಮಡಕೆಯನ್ನು ಕಂಡು ಎರಡೂ ಕೈ ಎತ್ತಿ ಮುಗಿದ.

“ಅಯ್ಯೋ, ತಿಪ್ಪಕ್ಕನ ಮಡಿಕೆ! ಕತ್ತಿನ ಸುತ್ತ ಹೆಬ್ಬೆಟ್ಟು ಒತ್ತೈತೆ ನೋಡ್ರಿ, ಆಯಮ್ಮಂಗೇ ಅಂತ ಕುಂಬಾರ ಮಾಡಿಕೊಡ್ತಿದ್ದ. ಪುಣ್ಯ ಮಾಡಿದ್ರಿ ಮೇಷ್ಟ್ರೇ.”

ಎಲೆಯ ಮುಂದೆ ಕೂತಿದ್ದ ಅವ್ವ ಕತ್ತೆತ್ತಿ ಕೇಳಿದಳು. “ಯಾವ ತಿಪ್ಪಕ್ಕನಪ್ಪ?”

“ಅದೇ ಯಕ್ಕಾ, ಇಲ್ಲಿ ಈಚಲ ಹೆಂಡ ಮಾರ್ತಿದ್ಲಲ್ಲ, ಆ ತಿಪ್ಪಕ್ಕ. ಇದು ಆಯಮ್ಮನ ಹೆಂಡದಂಗಡಿ ಜಾಗ ಅಲ್ವೇನು? ಕಾರ್ಡ್‌ನಾಗೇ ಹಾಕ್ಸಿದಾರಲ್ಲ ಮೇಷ್ಟ್ರು!”

ನಮ್ಮ ಹಟ್ಟಿಯವರ ಪಂಕ್ತಿಯಲ್ಲಿ ತುತ್ತು ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ಆಮೇಲೆ ಒಬ್ಬೊಬ್ಬರಾಗಿ, ಯಾರೂ ಬೈಯದೆ, ಎದ್ದು ಹೊರಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು. ಅವ್ವ ಕೊನೆಗೆ ಎದ್ದಳು. ಆರತಿ ಬೆಳಗಿದ ತನ್ನ ಎರಡು ಅಂಗೈಗಳನ್ನು ಬಿಡಿಸಿ ನೋಡಿಕೊಂಡಳು. ಕುಂಕುಮ ಇನ್ನೂ ಹಾಗೇ ಅಂಟಿತ್ತು. ಹನುಮಂತಣ್ಣ ಮಾತ್ರ ತಾನು ಮಾಡಿದ್ದೇನೆಂದು ತಿಳಿಯದೆ ಹೋಳಿಗೆಗೆ ಇನ್ನೊಂದು ಮಿಳ್ಳೆ ತುಪ್ಪ ಹಾಕಿಸಿಕೊಂಡು ಉಂಡು, ಮಗಳ ಮನೆಗೆ ಹೋಗಬೇಕೆಂದು ಭೀಮಸಮುದ್ರದ ಬಸ್ಸು ಹತ್ತಿಬಿಟ್ಟ.

ಮಾರನೆಯ ಬೆಳಿಗ್ಗೆ ನೋಡಿದರೆ ಗೇಟಿನ ಹೊರಗೆ ಮೂರು ಕಲ್ಲು, ಅದರ ಮೇಲೆ ಅವ್ವನ ಗಡಿಗೆ, ಪಕ್ಕದಲ್ಲಿ ಮುದ್ದೆ ಕೋಲು. ಹೊಗೆ ನೇರವಾಗಿ ಎದುರು ಮನೆಯ ನಿವೃತ್ತ ಮ್ಯಾನೇಜರ ವಾಕಿಂಗಿಗೆ ಅಡ್ಡ ಬರುತ್ತಿತ್ತು. ನಾನು ಹೋಗಿ ಮುಂದೆ ಕೂತೆ. “ಜಯಣ್ಣ,” ಎಂದಳು ಅವ್ವ, ಬೆಂಕಿಯಿಂದ ಕಣ್ಣೆತ್ತದೆ, “ನಿನ್ನ ಮೇಲೆ ಸಿಟ್ಟಿಲ್ಲ ಕಣಪ್ಪ. ನೀನೇನು ಬೇಕಂತ ಮಾಡಿದ್ಯಾ? ಅಂಗಡಿ ಎಲ್ಲಿತ್ತು, ನಿನ್ನ ಮನೆ ಎಲ್ಲೈತೆ, ಆ ಮಡಿಕೆ ಏನು, ಅದನ್ನ ತಿಳ್ಕಂಡು ಹೇಳು. ಅಲ್ಲೀಗಂಟ ನಾನು ಒಳಗೆ ಉಣ್ಣಲ್ಲ. ತಿಳೀಲಿಲ್ಲ ಅಂದ್ರೆ ಹಟ್ಟಿಗೆ ಹೋಗ್ತೀನಿ. ಹಟ್ಟೀಲಿ ದೇವರ ಮುಂದೆ ತಪ್ಪು ಕಾಣಿಕೆ ಕಟ್ಬೇಕಾಗ್ತೈತೆ.” ಹಟ್ಟಿಗೆ ಹೋದರೆ ಮತ್ತೆ ಬರುವುದಿಲ್ಲ ಎಂದು ಅವಳು ಹೇಳಲಿಲ್ಲ. ನನಗೆ ಹೇಳಬೇಕಾಗಿಯೂ ಇರಲಿಲ್ಲ.

ಅಂತೂ ನಾನು ಜೀವನದಲ್ಲಿ ಮೊದಲ ಸಲ ಸ್ವಂತ ಸಂಶೋಧನೆಗೆ ಇಳಿದೆ. ಇಡೀ ಬಡಾವಣೆಯನ್ನು ಮನೆ ಮನೆ ಸುತ್ತಿದೆ. ನನ್ನ ಉದ್ದೇಶ ಸರಳವಾಗಿತ್ತು. ಅಂಗಡಿಯನ್ನು ಹೇಗಾದರೂ ಮಾಡಿ ನನ್ನ ಸೈಟಿನಿಂದ ಎತ್ತಿ ಪಕ್ಕದವರ ಸೈಟಿಗೆ ಇಡುವುದು. ಹೊಸದಾಗಿ ಮನೆ ಕಟ್ಟಿದವರ ಉದ್ದೇಶವೂ ಅದೇ ಆಗಿದ್ದರಿಂದ ಅವರು ಅದನ್ನು ಅಷ್ಟೇ ಚುರುಕಾಗಿ ಎತ್ತಿ ನನ್ನ ಸೈಟಿಗೆ ವಾಪಸು ಇಡುತ್ತಿದ್ದರು. ಎದುರು ಮನೆ ಮ್ಯಾನೇಜರು ನಾನು ಬಾಯಿ ತೆರೆಯುವ ಮೊದಲೇ, “ನಮ್ಮ ಸೈಟಿನಲ್ಲಿ ಶೇಂಗಾ ಬೆಳೆಯುತ್ತಿದ್ದರಂತೆ” ಎಂದುಬಿಟ್ಟರು. ಹಳಬರ ಕತೆ ಬೇರೆ. ಅವರಲ್ಲಿ ಒಬ್ಬೊಬ್ಬನಿಗೂ ಅಂಗಡಿ ತನ್ನ ಮನೆಗೇ ಹತ್ತಿರವಿತ್ತೆಂಬ ಹೆಮ್ಮೆ. ಮೂವರು ಮುದುಕರು ನನ್ನ ಮನೆಯೊಳಗೆ ಬಂದು ಹೆಜ್ಜೆ ಹಾಕಿ ಅಳೆದರು. ಒಬ್ಬ ನಮ್ಮ ಅಡುಗೆ ಮನೆಯ ಸಿಂಕಿನ ಹತ್ತಿರ ನಿಂತು ಗದ್ಗದನಾದ. ಇನ್ನೊಬ್ಬ ಬಚ್ಚಲ ಬಾಗಿಲು ತೆರೆದು, “ನಾನು ಕುಂತ್ಕಳ್ತಿದ್ದುದು ಇಲ್ಲೇ” ಎಂದ. ಒಳಗೆ ಗಿರಿಜ ಬಟ್ಟೆ ಒಗೆಯುತ್ತಿದ್ದಳು.

ನಾನು ಬಯಸಿದ್ದು ಒಂದು ಗಡಿಗೆರೆ. ಸಿಕ್ಕಿದ್ದು ತಿಪ್ಪಕ್ಕ. ಕೇಳುತ್ತ ಕೇಳುತ್ತ ನಾನು ಬಂದ ಕೆಲಸವನ್ನೇ ಮರೆಯತೊಡಗಿದೆ. ಹೆಂಡದ ಕಂತ್ರಾಟು ಯಾರದೋ, ಕೂತು ಮಾರುತ್ತಿದ್ದವಳು ಅವಳು. ತೆಂಗಿನ ಗರಿಯ ಚಪ್ಪರ, ಒಂದು ಉದ್ದನೆಯ ಮಣ್ಣಿನ ಜಗಲಿ, ಸಾಲಾಗಿ ಮಡಕೆಗಳು. ಬಂದವನ ಮುಖ ನೋಡಿ ಅವಳು ಕೇಳುತ್ತಿದ್ದ ಮೊದಲ ಮಾತು “ಉಂಡಿದೀಯೇನಪ್ಪ?” ಉಣ್ಣದೆ ಬಂದವನಿಗೆ ಹೆಂಡವಿಲ್ಲ. ಸಿಟ್ಟು ಮಾಡಿಕೊಂಡು ಬಂದವನಿಗೆ ಸಿಟ್ಟು ಯಾರ ಮೇಲೆಂದು ಹೇಳುವ ತನಕ ಹೆಂಡವಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ಎಷ್ಟೋ ಮಂದಿಗೆ ಸಿಟ್ಟೂ ಇಳಿದು ಬಾಯಾರಿಕೆಯೂ ಇಳಿದು ಹೋಗುತ್ತಿತ್ತಂತೆ. ಸುತ್ತಲ ಹೆಂಗಸರು ತಮ್ಮ ಗಂಡಂದಿರ ಬಗ್ಗೆ ದೇವರಿಗಿಂತ ಮೊದಲು ಅವಳಿಗೆ ಹೇಳಿಕೊಳ್ಳುತ್ತಿದ್ದರು. “ಇವತ್ತು ನಮ್ಮೋನಿಗೆ ಒಂದೇ ಕುಡಿಕೆ ಕಣಕ್ಕ, ಮಗೀಗೆ ಜ್ವರ ಐತೆ” ಎಂದು ಬೆಳಿಗ್ಗೆ ನೀರಿಗೆ ಹೋಗುವಾಗ ಒಂದು ಮಾತು ಹಾಕಿದರೆ ಸಾಕು. ಸಂಜೆ ಆ ಗಂಡ ಬಂದು ಒಂದು ಕುಡಿಕೆ ಮುಗಿಸಿದೊಡನೆ ತಿಪ್ಪಕ್ಕ ಅವನ ಕುಡಿಕೆ ತೆಗೆದುಕೊಂಡು ಅವನ ಮುಂದೆಯೇ ಬೋರಲು ಹಾಕುತ್ತಿದ್ದಳು. ಒಂದು ಮಾತಿಲ್ಲ, ಬೈಗುಳವಿಲ್ಲ. ಬೋರಲು ಬಿತ್ತು ಅಂದರೆ ಮುಗಿಯಿತು. ಎದುರು ಮಾತಾಡಿದವನೊಬ್ಬನ ಹೆಸರನ್ನಾದರೂ ಹೇಳಿ ಎಂದು ನಾನು ಮುದುಕರನ್ನು ಪೀಡಿಸಿದೆ. ಅವರಿಗೆ ಒಬ್ಬನೂ ನೆನಪಾಗಲಿಲ್ಲ. ಪೊಲೀಸರ ಕುಡಿಕೆಯೂ ಬೋರಲು ಬಿದ್ದದ್ದುಂಟಂತೆ, ಅವರೂ ಟೋಪಿ ಸರಿಮಾಡಿಕೊಂಡು ಎದ್ದು ಹೋದರಂತೆ.

ನಾನು ತರಗತಿಯಲ್ಲಿ ‘ಸದ್ದು’ ಎಂದು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡವನು. ಒಂದು ಮಣ್ಣಿನ ಕುಡಿಕೆಯನ್ನು ತಿರುಗಿಸಿಟ್ಟು ಒಂದು ಇಡೀ ಕೇರಿಯನ್ನು ಆಳಿದ ಆ ಹೆಂಗಸನ್ನು ನೆನೆದರೆ ನನಗೆ ಬಸ್ಸಿನಲ್ಲಿ ಕೂತಲ್ಲೇ ಮೈ ನವಿರೇಳುತ್ತಿತ್ತು. ಕಿಟಕಿಯಿಂದ ಕೋಟೆ ಕಾಣುವಾಗ ಎಂದಿನ ಹಾಗೆ ಎದೆ ಉಬ್ಬುತ್ತಿರಲಿಲ್ಲ. ಅಷ್ಟು ದೊಡ್ಡ ಕಲ್ಲುಗಳು, ಅಷ್ಟು ಜನ ಕಾವಲು, ಅಷ್ಟು ಬಾಗಿಲುಗಳು ಯಾಕೆ ಬೇಕಾಯಿತೋ ಇವರಿಗೆ ಅನ್ನಿಸುತ್ತಿತ್ತು. ಹೆಂಡ ಮಾರಬಾರದೆಂದು ಸರ್ಕಾರದ ಆದೇಶ ಬಂದ ದಿನ ಅವಳು ಯಾರೊಂದಿಗೂ ಜಗಳವಾಡಲಿಲ್ಲವಂತೆ. ಅಂಗಡಿಯ ಕುಡಿಕೆಗಳನ್ನೆಲ್ಲ ಜಗಲಿಯ ಮೇಲೆ ಸಾಲಾಗಿ ಬೋರಲು ಹಾಕಿ ಮನೆಗೆ ಹೋದಳಂತೆ. ಆಮೇಲೆ ಹೆಚ್ಚು ಕಾಲ ಬದುಕಲಿಲ್ಲ. ಚಪ್ಪರ ಗಾಳಿಗೆ ಹೋಯಿತು, ಬೇವಿನ ಮರ ಲೇಔಟಿನವರ ಕೈಗೆ ಹೋಯಿತು, ಹೆಸರು ಆಟೋದವರ ಬಾಯಿಗೆ ಹೋಯಿತು.

ಈ ಎಲ್ಲವನ್ನೂ ನಾನು ದಿನಾ ಸಂಜೆ ಮೂರು ಕಲ್ಲಿನ ಮುಂದೆ ಕೂತು ಅವ್ವನಿಗೆ ವರದಿ ಒಪ್ಪಿಸುತ್ತಿದ್ದೆ. ಅವ್ವ ಹೂಂಗುಟ್ಟಿ ಕೇಳುತ್ತಿದ್ದಳು. “ಹೆಂಗಸು ಅಂದ್ರೆ ಹೆಂಗಸು” ಎಂದು ಒಮ್ಮೆ ಮೆಚ್ಚಿದಳು ಕೂಡ. ಆದರೆ ಕೊನೆಗೆ ಅವಳ ಮಾತು ಒಂದೇ. “ಒಳ್ಳೇಳೇ ಇರ್ಲಪ್ಪ. ಈಚಲು ಈಚಲೇ. ನಾನು ಹೆಂಡದ ಮಡಿಕೆಗೆ ಆರತಿ ಎತ್ತಿದ್ದು ಎತ್ತಿದ್ದೇ.” ಒಂದು ಸಂಜೆ ನೋಡಿದರೆ ಅವ್ವ ತನ್ನ ಚೀಲದಲ್ಲಿ ಸೀರೆ ಮಡಿಚಿಡುತ್ತಿದ್ದಳು. ಗಿರಿಜ ಬಾಗಿಲಿಗೆ ಒರಗಿ ಸೆರಗಿನಿಂದ ಕಣ್ಣೊರೆಸುತ್ತಿದ್ದಳು. ಪೊರಕೆಯ ಪ್ರಸಂಗದಿಂದ ಹಿಡಿದು ಈ ಅತ್ತೆ ಸೊಸೆ ನಡುವೆ ಏನೇನು ನಡೆದಿದೆ ಎಂದು ಬಲ್ಲ ನನಗೆ ಅದು ಸಣ್ಣ ಆಶ್ಚರ್ಯವಲ್ಲ.

ಆ ಹೊತ್ತಿಗೆ ಸರಿಯಾಗಿ ಭೀಮಸಮುದ್ರದಿಂದ ಹನುಮಂತಣ್ಣ ಬಂದ, ಕೈಯಲ್ಲಿ ಮಗಳು ಕೊಟ್ಟ ಅಡಿಕೆ ಚೀಲ. ಗೇಟಿನ ಹೊರಗೆ ಒಲೆ, ಒಳಗೆ ಚೀಲ ಕಟ್ಟುವ ಅವ್ವ, ನಡುವೆ ಸತ್ತ ಮುಖದ ನಾನು. ಏನೆಂದು ಕೇಳಿದ. ಹೇಳಿದೆ, ಸ್ವಲ್ಪ ಖಾರವಾಗಿಯೇ ಹೇಳಿದೆ.

“ಅಲ್ರೀ ಮೇಷ್ಟ್ರೇ, ಮಡಿಕೆ ನಿಮಗೆ ಎಲ್ಲಿ ಸಿಕ್ತು?”

“ಸಂಪ್ ಗುಂಡಿಯಲ್ಲಿ.”

“ಗುಂಡೀಲಿ ಅಂದ್ರೆ? ಒಡೆದು ಬಿದ್ದಿತ್ತೋ, ಹೂತಿತ್ತೋ?”

“ಹೂತಿತ್ತು. ನೆಟ್ಟಗೆ, ಬಾಯಿ ಮೇಲಾಗಿ. ಸುತ್ತ ಮರಳು. ಬೇವಿನ ಬೊಡ್ಡೆ ಪಕ್ಕದಲ್ಲೇ.”

ಹನುಮಂತಣ್ಣ ಅಡಿಕೆ ಚೀಲವನ್ನು ನೆಲಕ್ಕೆ ಬಿಟ್ಟು ಹಣೆ ಹಣೆ ಚಚ್ಚಿಕೊಂಡ. “ಹೆಂಡದ ಮಡಿಕೆ ಯಾರಾದ್ರೂ ಹೂಳ್ತಾರೇನ್ರಿ? ಬೆಳಗ್ಗೆ ಬಂದದ್ದು ಸಂಜೀಗೆ ಖಾಲಿ ಆಗೋ ಮಾಲು ಅದು! ಹೂತಿದ್ದುದು ಒಂದೇ ಮಡಿಕೆ, ಹೊರಗೆ ಬೇವಿನ ಮರದ ಬುಡದಾಗೆ, ತಣ್ಣಗಿರ್ಲಿ ಅಂತ. ಅದು ಮಜ್ಜಿಗೆ ಮಡಿಕೆ ಕಣ್ರೀ! ಯಕ್ಕಾ, ಕೇಳಿಸ್ತಾ? ಅದು ನಿಮ್ಮಂಥೋರದ್ದೇ ಮಡಿಕೆ!”

ಅವ್ವ ಸೀರೆ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದಳು. ಹನುಮಂತಣ್ಣ ಗೇಟಿನ ಕಟ್ಟೆಯ ಮೇಲೆ ಕೂತು ಬಿಡಿಸಿ ಹೇಳಿದ. ಸಂತೆಯ ದಿನ ಕುರಿ ವ್ಯಾಪಾರವೆಲ್ಲ ಮುಗಿಯುತ್ತಿದ್ದುದು ತಿಪ್ಪಕ್ಕನ ಅಂಗಡಿಯಲ್ಲಿ. ಕೊಳ್ಳುವವರು ಕುಡಿಯುವವರು, ಮಾರುವವರು ಈಚಲು ಮುಟ್ಟದ ಹಟ್ಟಿಯವರು. ಅವರು ಚಪ್ಪರದೊಳಗೆ ಕಾಲಿಡುವಂತಿಲ್ಲ, ಕಾಲಿಡದಿದ್ದರೆ ವ್ಯಾಪಾರವಿಲ್ಲ. ಅದಕ್ಕೇ ತಿಪ್ಪಕ್ಕ ಹೊರಗೆ ಬೇವಿನ ಮರದ ಕೆಳಗೆ ಒಂದು ಕಲ್ಲು ಹಾಕಿಸಿ, ಮರಳಿನಲ್ಲಿ ಒಂದು ಹೊಸ ಮಡಕೆ ಹೂಳಿಸಿ, ಕಟ್ಟಿನವರಿಗೆಂದೇ ಮಜ್ಜಿಗೆ ಇಟ್ಟಿದ್ದಳು. “ಆ ಮಜ್ಜಿಗೇನ ಹೆಂಡ ಮುಟ್ಟೋ ಮುಂಚೆ, ಬೆಳಗ್ಗೆ ಮಿಂದು ಬಂದು ಕಡೀತಿದ್ಲು. ಒಂದ್ಸಲ ಹೆಂಡ ಮುಟ್ಟಿದ್ಲು ಅಂದ್ರೆ ಆವತ್ತೆಲ್ಲ ಆ ಮಡಿಕೆ ಹತ್ರ ಸುಳೀತಿರ್ಲಿಲ್ಲ. ಅವ್ರೇ ಚಿಪ್ಪಿನಾಗೆ ಮೊಗಕಂಡು ಕುಡೀಬೇಕು. ನಿಮ್ಮೋನೊಬ್ಬ ಹರೇದ ಹುಡುಗ, ಒಳ್ಳೆ ರೇಟಿಗೆ ಕುರಿ ಮಾರಿದ ಖುಷೀಲಿ, ನಂಗೂ ಒಂದು ಕುಡಿಕೆ ಹೆಂಡ ಕೊಡಕ್ಕ ಅಂತ ಒಳಗೆ ಬಂದ. ನಾನು ಅಲ್ಲೇ ಕುಂತಿದ್ದೆ. ತಿಪ್ಪಕ್ಕ ಅವನ ಮುಂದೆ ಖಾಲಿ ಕುಡಿಕೆ ಬೋರಲು ಹಾಕಿ, ‘ನಿಮ್ಮ ಕಟ್ಟು ಮುರಿಯೋಕೆ ನಾನು ಅಂಗಡಿ ಇಟ್ಟಿಲ್ಲ ಕಣಪ್ಪ. ಹೋಗು, ಹೊರಗೆ ಮಜ್ಜಿಗೆ ಕುಡಿ’ ಅಂದ್ಲು. ಹುಡುಗ ತಲೆ ತಗ್ಗಿಸ್ಕಂಡು ಹೋಗಿ ಕುಡಿದ. ಏನು ಮಜ್ಜಿಗೆ ಅಂತೀರಾ! ನಾವು ಒಳಗಿರೋರೂ ಒಂದೊಂದ್ಸಲ ಕದ್ದು ಕುಡೀತಿದ್ವಿ. ಹಸಿಮೆಣಸಿನಕಾಯಿ, ಉಪ್ಪು, ಮ್ಯಾಲೆ ಎರಡು ನಿಂಬೆ ಎಲೆ ಕಿವುಚಿ ಹಾಕೋಳು.”

“ಏನೆಲೆ ಅಂದೆ?” ಎಂದಳು ಅವ್ವ.

“ನಿಂಬೆ ಎಲೆ ಕಣಕ್ಕ.”

ಅವ್ವ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತಳು. “ನಿಂಬೆ ಎಲೆ,” ಎಂದಳು. ಇನ್ನೊಮ್ಮೆ, “ನಿಂಬೆ ಎಲೆ!” ಎಂದಳು. ಶುಂಠಿ, ಜೀರಿಗೆ, ಇಂಗು ಎಲ್ಲವನ್ನೂ ಹಾಕಿ ಸೋತ ಸಂಸಾರವೆಲ್ಲ ಅವಳ ಮುಖದ ಮೇಲೆ ಬಂದು ಹೋಯಿತು. ಆಮೇಲೆ ಅವ್ವ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡು ಮೈಯೆಲ್ಲ ಕುಲುಕುವಂತೆ ನಕ್ಕಳು, ನಗುತ್ತ ನಗುತ್ತ ಅತ್ತಳು. “ನಿಮ್ಮಪ್ಪ ಹೋಟ್ಲು ಅಂತಿದ್ದ ಕಣೋ ಜಯಣ್ಣ! ಹೆಂಡದಂಗಡಿ ಅಂದ್ರೆ ನಾನು ಮನೆಗೆ ಸೇರಿಸ್ತಿದ್ನಾ?” ಹನುಮಂತಣ್ಣ ಹೇಳಿದ ಆ ಹರೆಯದ ಹುಡುಗ ಅಪ್ಪನೇ ಇರಬಹುದೇ ಎಂದು ನನಗೆ ಕೇಳಬೇಕೆನಿಸಿತು. ಅವ್ವನ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ಅವಳು ಎದ್ದು ದೇವರ ಕೋಣೆಗೆ ಹೋಗಿ, ಮಡಕೆಯ ಕತ್ತಿನ ಹೆಬ್ಬೆಟ್ಟಿನ ಗುರುತುಗಳ ಮೇಲೆ ಬೆರಳಾಡಿಸಿ, ಮತ್ತೊಮ್ಮೆ ಕುಂಕುಮ ಇಟ್ಟಳು. “ನನ್ನ ಗಂಡನ ಕಟ್ಟು ಕಾಯ್ದೋಳು ನೀನಾ ತಾಯಿ” ಎಂದಳು.

ಅಲ್ಲಿಗೆ ನನ್ನ ಕಷ್ಟ ಮುಗಿಯಿತು, ಇನ್ನು ಅವ್ವ ಡೈನಿಂಗ್ ಟೇಬಲ್ಲಿನಲ್ಲಿ ಕೂತು ಉಣ್ಣುತ್ತಾಳೆ ಎಂದು ನೀವೂ ತಿಳಿದಿರಿ, ನಾನೂ ತಿಳಿದೆ. ಅವ್ವ ಮಾತ್ರ ಹೊರಗೆ ಹೋಗಿ ಸಂಪಿನ ಮುಚ್ಚಳದ ಮೇಲೆ ನಿಂತು, ಗೇಟಿನ ಕಡೆಗೊಮ್ಮೆ, ಮನೆಯ ಕಡೆಗೊಮ್ಮೆ ತಿರುಗಿ ಲೆಕ್ಕ ಹಾಕಿದಳು. “ಮಜ್ಜಿಗೆ ಮಡಿಕೆ ಇಲ್ಲಿತ್ತು. ಇದು ಅಂಗಡಿ ಹೊರಗಡೆ. ಅಂದ್ರೆ ಅಂಗಡಿ ಒಳಗಡೆ ಅನ್ನೋದು...” ಎಂದು ನನ್ನ ಕಮಾನು, ಟೈಲ್ಸು, ಹಾಲು, ಅಡುಗೆ ಮನೆ ಎಲ್ಲವನ್ನೂ ಒಂದೇ ನೋಟದಲ್ಲಿ ಗುಡಿಸಿ ಹಾಕಿದಳು. ಹನುಮಂತಣ್ಣ ಉತ್ಸಾಹದಿಂದ, “ಹೌದಕ್ಕ, ಸರಿಯಾಗಿ ಹೇಳಿದೆ” ಎಂದ. ಆ ಮುದುಕನಿಗೆ ಸುಮ್ಮನಿರುವುದು ಯಾವ ಜನ್ಮದಲ್ಲಿ ಬರುತ್ತದೋ!

ಕೊನೆಗೆ ಅವ್ವ ಕೊಟ್ಟ ತೀರ್ಪು ಇದು. ತಿಪ್ಪಕ್ಕ ಕಾಯ್ದ ಜಾಗ, ಇಲ್ಲಿ ನಮ್ಮ ಕಟ್ಟಿಗೆ ಧಕ್ಕೆಯಿಲ್ಲ. ಅವ್ವ ಹಟ್ಟಿಗೆ ಹೋಗುವುದಿಲ್ಲ, ಒಳಗೆ ಮಲಗುತ್ತಾಳೆ. ಊಟ ಮಾತ್ರ ಹೊರಗೆ, ಮಡಕೆಯ ಹತ್ತಿರ. ಚೀಲ ಬಿಚ್ಚಿ ಸೀರೆಗಳನ್ನು ಬೀರುವಿಗೆ ಇಟ್ಟವಳು ಗಿರಿಜ, ಅತ್ತೆಯನ್ನು ಕೇಳಲೂ ಇಲ್ಲ. ಮಡಕೆಯನ್ನು ದೇವರ ಕೋಣೆಯಿಂದ ತಂದು ಸಂಪಿನ ಪಕ್ಕದಲ್ಲಿ ಮರಳು ತುಂಬಿಸಿ ಕತ್ತಿನವರೆಗೆ ಹೂತೆವು. ಪಕ್ಕದಲ್ಲಿ ಒಂದು ನಿಂಬೆ ಗಿಡ ನೆಟ್ಟೆವು. ಅಂಗಳಕ್ಕೆ ಶೀಟು ಹಾಕಿಸಿದೆ, ಒಲೆಯೂ ಗೇಟಿನ ಒಳಗೆ ಬಂತು. ಈಗ ಸಂಜೆಯಾದರೆ ಅವ್ವ ಮಜ್ಜಿಗೆ ಕಡೆಯುತ್ತಾಳೆ. ಮೂವರು ಮುದುಕರೂ ಹನುಮಂತಣ್ಣನೂ ಬಂದು ಸಂಪಿನ ಕಟ್ಟೆಯ ಮೇಲೆ ಕೂರುತ್ತಾರೆ. ಬಂದವರಿಗೆ ಅವ್ವನ ಮೊದಲ ಮಾತು “ಉಂಡಿದೀರೇನಪ್ಪ?” ಮೊನ್ನೆ ಎದುರು ಮನೆ ಮ್ಯಾನೇಜರೂ ವಾಕಿಂಗ್ ಕೋಲು ಹಿಡಿದು ಬಂದು, ತಮ್ಮ ಮಗನ ಮೇಲಿನ ಸಿಟ್ಟನ್ನೆಲ್ಲ ಅವ್ವನಿಗೆ ಹೇಳಿಕೊಂಡು, ಒಂದು ಲೋಟ ಕುಡಿದು ಹಗುರಾಗಿ ಹೋದರು. ನಾನು ಸ್ಕೂಲಿನಿಂದ ಬಂದು ಹಾಲಿನ ಸೋಫಾದ ಮೇಲೆ ಒಬ್ಬನೇ ಕೂರುತ್ತೇನೆ. ಅದು ಜಗಲಿಯ ಜಾಗ, ಕುಡುಕರು ಕೂರುತ್ತಿದ್ದ ಕಡೆ ಎಂದು ಹನುಮಂತಣ್ಣ ಖಚಿತಪಡಿಸಿದ್ದಾನೆ.

ನಿನ್ನೆ ತಡೆಯಲಾರದೆ ನಾನೂ ಹೊರಗೆ ಹೋಗಿ ಕೂತೆ. ನಿಂಬೆ ಎಲೆಯ ಪರಿಮಳ ಅಂಗಳದ ತುಂಬ. ಒಂದು ಲೋಟ ಕುಡಿದೆ, ಇನ್ನೊಂದು ಕುಡಿದೆ. ಅಪ್ಪ ಯಾಕೆ ಅಷ್ಟು ವರ್ಷ ಆ ಒಂದೇ ತೀರ್ಪು ಕೊಟ್ಟನೆಂದು ನಾಲಿಗೆಗೆ ತಿಳಿಯಿತು. ಮೀಸೆ ಒರೆಸಿಕೊಂಡು, ಹೊಸದಾಗಿ ಕಲಿತ ಪಾಂಡಿತ್ಯವನ್ನೆಲ್ಲ ಸೇರಿಸಿ, “ಚೆನ್ನಾಗಿದೆ ಅವ್ವ. ಆದರೆ ತಿಪ್ಪಕ್ಕನ ಮಜ್ಜಿಗೆ ಇದಕ್ಕಿಂತ ಬೇರೆಯೇ ಇದ್ದಿರಬೇಕು” ಎಂದು ಲೋಟ ಮುಂದೆ ಚಾಚಿದೆ. ಅವ್ವ ನನ್ನ ಮುಖವನ್ನು ಒಮ್ಮೆ ನೋಡಿದಳು, ಲೋಟ ತೆಗೆದುಕೊಂಡಳು, ನನ್ನ ಮುಂದೆಯೇ ಬೋರಲು ಹಾಕಿದಳು. ನಾನು ಅಂಗಿ ಸರಿಮಾಡಿಕೊಂಡು ಎದ್ದು ಒಳಗೆ ಹೋದೆ.